ತೋಳು ಉಲ್ಟಾ ಕೂರಿಸಿದ ಪುಸ್ತಕಗಳು
ನಮ್ಮ ಬೀದಿಯ ಟೈಲರ್ ಮಾಮ ಹೊಲಿಯುವಾಗ ಮಗಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಪುಸ್ತಕ ಓದಬೇಕು. ಕಥೆ ರಂಗೇರಿದರೆ ಇವರ ಕೈ ತಪ್ಪಿ ಅಂಗಿಯ ತೋಳು ಉಲ್ಟಾ ಕೂರುತ್ತದೆ, ಜೇಬಿನ ಬಾಯಿ ಮುಚ್ಚಿಹೋಗುತ್ತದೆ. ವರ್ಷದ ಕೊನೆಗೆ ಆ ತಪ್ಪುಗಳನ್ನು ನೋಡಿಯೇ ಪುಸ್ತಕಗಳಿಗೆ ಸ್ಥಾನ; ತಪ್ಪು ಹೆಚ್ಚಿದಷ್ಟೂ ಸ್ಥಾನ ಮೇಲೆ. "ಪತ್ತೇದಾರಿ ಕಾದಂಬರಿಗೆ ನಾಲ್ಕು ತೋಳು, ಎರಡನೇ ಸ್ಥಾನ! ಈ ದಪ್ಪ ಪುಸ್ತಕಕ್ಕೆ ಒಂದು ಗುಂಡೀನೂ ತಪ್ಪಲಿಲ್ಲ, ಆಚೆ ಇಡು!" ಎಂದು ಗಿರಾಕಿಗಳೆದುರು ಕತ್ತರಿ ಎತ್ತಿ ಸಾರುತ್ತಾರೆ. ಈ ಸಲ ಮೊದಲ ಸ್ಥಾನ ಮಾತ್ರ ಒಂದು ಹೊಲಿಗೆಯನ್ನೂ ತಪ್ಪಿಸದ ತೆಳ್ಳನೆಯ ಮಕ್ಕಳ ಕಥೆಗೆ. "ಅದು ಹೇಗೆ ಮಾಮಾ?" ಎಂದೆ. "ಹೊಲಿದಿದ್ರೆ ತಾನೇ ತಪ್ಪೋದು? ಅವತ್ತು ಮಷಿನ್ ಮೇಲೆ ಕಾಲೇ ಆಡಲಿಲ್ಲ. ಓದಿದ್ದು ನಿಮ್ಮತ್ತೆ!" ಈ ವರ್ಷವಷ್ಟೇ ಮಗಳಿಂದ ಅಕ್ಷರ ಕಲಿತ ಅತ್ತೆ ಗುಂಡಿ ಹಚ್ಚುತ್ತಲೇ ಕೈ ಚಾಚಿದರು: "ಆ ದಪ್ಪ ಪುಸ್ತಕಾನೂ ಇತ್ತ ಕೊಡಿ, ನಾನು ಓದ್ತೀನಿ. ಆಮೇಲೆ ತೋಳು ಅದ್ಹೇಗೆ ನೆಟ್ಟಗೆ ಕೂರುತ್ತೋ ನೋಡೇಬಿಡೋಣ!"