ಕಾಲೆತ್ತಿದ ಜೇಡ

ದೆವ್ವ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ? ಶೆಟ್ಟಿಹಳ್ಳಿಯಲ್ಲಿ ನನ್ನ ಕಾಲದ ಅರ್ಧ ದೆವ್ವಗಳು ನಾನೇ ಬಿಳಿ ಪಂಚೆ ಹೊದ್ದು ಹುಟ್ಟಿಸಿದವು. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಜಾಲಹಳ್ಳಿವರೆಗೂ ಇರಲಿಲ್ಲ, ಈಗಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಳಿಯ ಹೊರದೇಶದಿಂದ ಒಂದು ಅಂಬರ್ ಕಲ್ಲು ತಂದುಕೊಟ್ಟ. ಜೇನಿನ ಬಣ್ಣ, ನೆಲ್ಲಿಕಾಯಿ ಗಾತ್ರ, ಒಳಗೊಂದು ಜೇಡ. ಕೋಟ್ಯಂತರ ವರ್ಷಗಳ ಹಿಂದೆ ಮರದ ಅಂಟಿನಲ್ಲಿ ಸಿಕ್ಕಿಬಿದ್ದು, ಅಂಟಿನ ಜೊತೆಗೇ ಕಲ್ಲಾಗಿ ಉಳಿದದ್ದಂತೆ. ಎಂಟೂ ಕಾಲು ಹೊಟ್ಟೆಗೆ ಮಡಚಿಕೊಂಡು ಮಲಗಿತ್ತು. ನನ್ನಂಥವನ ಕೈಗೆ ಇಂಥದ್ದು ಸಿಗಬಾರದು.

ಆಗ ನನ್ನ ಗೆಳೆಯ ಮುನಿರಾಜ ತನ್ನ ಹಳೇ ಮನೆಯನ್ನು ಬಿಲ್ಡರಿಗೆ ಕೊಟ್ಟಿದ್ದ. ಅರ್ಧ ಮನೆ ಕೆಡವಿ, ಪಕ್ಕದಲ್ಲೇ ಪಾಯ ತೋಡಿ ಆಗಿತ್ತು. ಆದರೆ ಹುಟ್ಟಿದ ಮನೆಯನ್ನು ಆಷಾಢದಲ್ಲಿ ಕೆಡವಬಾರದೆಂದು ಹಟ ಹಿಡಿದು, ಉಳಿದ ಮಣ್ಣಿನ ಗೋಡೆಯನ್ನು ಶ್ರಾವಣದವರೆಗೆ ಮುಟ್ಟಿಸಿರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೇ ಕುರ್ಚಿ ಒರಗಿಸಿ ಬಿಸಿಲು ಕಾಯಿಸುತ್ತಿದ್ದ. ಗೋಡೆ ಬಿರುಕು ಬಿಟ್ಟಿತ್ತು. "ಬೀಳ್ತದೆ ಕಣೋ, ಈಚೆ ಬಾ" ಎಂದು ಎಷ್ಟು ಸಲ ಹೇಳಿದರೂ ನಗುತ್ತಿದ್ದ.

"ನೀನ್ ಏಳಿದ್ದು ಯಾವತ್ತು ನಿಜ ಆಗೈತೆ? ಓಗಲೋ."

ಅಪರೂಪಕ್ಕೆ ನಾನಾಡಿದ ನಿಜಕ್ಕೆ ಬಂದ ಗತಿ ಅದು.

ರಾತ್ರಿಯೆಲ್ಲ ಮಳೆ ಸುರಿದು ಬಿಸಿಲು ಬಿದ್ದಿದ್ದ ಒಂದು ಬೆಳಿಗ್ಗೆ, ಕಲ್ಲು ತೋರಿಸಿ ಅವನನ್ನು ಗೋಳು ಹೊಯ್ದುಕೊಳ್ಳೋಣವೆಂದು ಹೋದೆ. ಬೀದಿಯ ಈಚೆ ನಿಂತು ಅದನ್ನು ಬಿಸಿಲಿಗೆ ಹಿಡಿದೆ. ಜೇಡಕ್ಕೆ ಇನ್ನೂ ಜೀವ ಇದೆ ಎಂಬ ಸುಳ್ಳು ನಾಲಗೆ ತುದಿಯಲ್ಲಿತ್ತು, ಇನ್ನೂ ಆಡಿರಲಿಲ್ಲ. ಅಷ್ಟರಲ್ಲಿ ಅವನೇ ಕಣ್ಣು ಕಿರಿದು ಮಾಡಿಕೊಂಡು ಎದ್ದ.

"ಲೋ, ಏನೋ ಅದು? ಕಾಲ್ ಎತ್ತತಾ ಐತಲ್ಲೋ" ಎನ್ನುತ್ತಾ ಬೀದಿ ದಾಟಿ ಬಂದ.

ಅವನ ಬೆನ್ನ ಹಿಂದೆ ಗೋಡೆ ಕುಸಿಯಿತು. ಕುರ್ಚಿ ಎಲ್ಲಿತ್ತೆಂದೇ ತಿಳಿಯಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಆಮೇಲೆ ಕಲ್ಲು ನೋಡಿದೆವು. ಜೇಡ ಮುಂದಿನ ಒಂದು ಕಾಲನ್ನು ಚಾಚಿತ್ತು.

ಮೊದಲೇ ಹಾಗಿತ್ತೋ, ನಾನೇ ಸರಿಯಾಗಿ ನೋಡಿರಲಿಲ್ಲವೋ. ಹೋಗಲಿ, ಕನ್ನಡಕ ಹಾಕಿಕೊಂಡರೂ ಬಸ್ಸಿನ ಬೋರ್ಡು ಓದಲಾರದ ಮುನಿರಾಜನಿಗೆ ಬೀದಿಯ ಆಚೆಯಿಂದ ಅದು ಕಂಡದ್ದು ಹೇಗೆ? "ನನ್ನನ್ನೇ ಯಾಮಾರಿಸ್ತಿದ್ದೀಯೇನೋ?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ನಿನ್ ತರ ಕತೆ ಕಟ್ಟಾಕೆ ನಂಗೆ ಬತ್ತದೇನ್ಲಾ?" ಎನ್ನುತ್ತಾನೆ. ಬರುವುದಿಲ್ಲ, ಅದು ನನಗೂ ಗೊತ್ತು.

ಈಗ ದಿನಾ ಬೆಳಿಗ್ಗೆ ನಮ್ಮ ಮನೆಗೇ ಬಂದು, ಜೇಡ ಕಾಲು ಇಳಿಸಿತಾ ಎಂದು ಕೇಳಿ, ನನ್ನ ಪಾಲಿನ ಕಾಫಿಯನ್ನೂ ಕುಡಿದು ಹೋಗುತ್ತಾನೆ. ಇಳಿಸಿಲ್ಲ. ಕುಡಿಯಲಿ ಬಿಡಿ.