ಅವ್ವನನ್ನು ನಾನು ಕೇಳಲೇ ಇಲ್ಲ

ಮಲದ ಬಣ್ಣ ಕೇಳಲು ನನಗೆ ನಾಚಿಕೆಯಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದಿಂದ ನರ್ಸು ನಾನು. ಹೊಟ್ಟೆನೋವೆಂದು ಬಂದವರು ಮಂಚಕ್ಕೆ ಬೆನ್ನು ತಾಗಿಸುವ ಮುಂಚೆಯೇ ಕೇಳಿಬಿಡುತ್ತೇನೆ: ಯಾವ ಬಣ್ಣ, ಗಟ್ಟಿಯೋ ನೀರೋ, ಅಂಟುತ್ತದೆಯೋ, ನಾತ ಹೇಗೆ? ಹೂಗ್ಯಂ ಕಡೆಯ ಮುದುಕರೊಬ್ಬರು ಒಮ್ಮೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, "ಅಯ್ಯೋ, ಎಂಗ್ಸು ಕೇಳೋ ಮಾತಾ ಇದು?" ಅಂದಿದ್ದರು. "ಏಳ್ದೆ ಸತ್ರೆ ನಿಮ್ಮ ಮರ್ವಾದೆ ತಕಂಡು ನಾನೇನ್ ಮಾಡ್ಲಿ ಯಜಮಾನ್ರೇ?" ಎಂದು ಗದರಿದ ಮೇಲೆಯೇ ಬಾಯಿ ಬಿಟ್ಟರು. ನನಗೆ ಕೋಪ ಮೂಗಿನ ತುದಿಯಲ್ಲೇ. ಮಾತ್ರೆ ನುಂಗದವರಿಗಂತೂ ಮಂಗಳಾರತಿ ತಪ್ಪಿದ್ದಲ್ಲ.

ಅವ್ವ ಇದ್ದುದು ಧನಗೆರೆಯಲ್ಲಿ, ಅಣ್ಣನ ಮನೆಯಲ್ಲಿ. ಅರವತ್ತು ದಾಟಿದ್ದರೂ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋಗುವುದನ್ನು ಬಿಟ್ಟಿರಲಿಲ್ಲ. ಮಂಡಿನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ಅದೂ ಬರೀ ಹೊಟ್ಟೆಗೆ, ಟೀ ಜೊತೆ. ಹೊಟ್ಟೆ ಹುಣ್ಣಾಗುತ್ತದೆ, ಬೇಡವೆಂದು ನೂರು ಸಲ ಬೈದಿದ್ದೆ. "ಬುಟ್ಬುಟ್ಟೆ ಕಣವ್ವ" ಅನ್ನುತ್ತಿದ್ದಳು. ನಂಬಿಕೊಂಡಿದ್ದೆ.

ಒಂದು ದಿನ ಅವಳ ಮುಖ ಬಿಳಿಚಿಕೊಂಡದ್ದು ಕಂಡು ರಕ್ತ ಪರೀಕ್ಷೆ ಮಾಡಿಸಿದೆ. ರಕ್ತ ಕಡಿಮೆಯಿತ್ತು. ಡಾಕ್ಟರಿಗೆ ತೋರಿಸುವ ಗೋಜಿಗೇ ಹೋಗಲಿಲ್ಲ. ನನಗೆ ಗೊತ್ತಿಲ್ಲದ್ದೇನು ಎಂಬ ಜಂಬ. ನಾನೇ ಕಬ್ಬಿಣದ ಮಾತ್ರೆ ತಂದುಕೊಟ್ಟು, "ದಿನಾ ಒಂದು. ತಪ್ಪಿಸಿದ್ರೆ ನೋಡು ಮತ್ತೆ!" ಎಂದೆ.

ತಿಂಗಳಾದ ಮೇಲೆ ಅವ್ವನ ಫೋನು ಬಂತು. ವಾರ್ಡಿನಲ್ಲಿ ಯಾರಿಗೋ ಡ್ರಿಪ್ ಹಾಕುತ್ತಿದ್ದೆ.

"ಕೂಸೇ, ಕಕ್ಕಸ್ಗೆ ಓದ್ರೆ ಕರ್ರಗೆ ಓಯ್ತದೆ ಕಣವ್ವ."

"ಕಬ್ಬಿಣದ ಮಾತ್ರೆ ನುಂಗಿದ್ರೆ ಎಲ್ರುಗೂ ಅಂಗೇಯ. ದಿನಾ ನುಂಗ್ತಿದ್ದೀಯಾ ತಾನೆ?"

"ಊಂ ಕಣವ್ವ" ಎಂದಳು.

ಅಂಟುತ್ತದೆಯಾ, ನಾತ ಹೇಗೆ ಎಂದು ನಾನು ಕೇಳಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರಿದರೆ ಮಲ ಡಾಂಬರಿನಂತೆ ಕಪ್ಪಗಿರುತ್ತದೆ, ಅಂಟಂಟು, ಗಬ್ಬುನಾತ. ಮಾತ್ರೆಯ ಕಪ್ಪು ಹಾಗಿರುವುದಿಲ್ಲ. ಹೊಸ ನರ್ಸುಗಳಿಗೆ ಇದನ್ನು ಹೇಳಿಕೊಡುವವಳೇ ನಾನು. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಆ ದೀಪ ನಾನೇ. ಫೋನಿಟ್ಟು ಮುಂದಿನ ಮಂಚದ ಹತ್ತಿರ ಹೋದೆ.

ನಾಲ್ಕನೆಯ ದಿನ ಅವ್ವ ಹಿತ್ತಿಲಲ್ಲಿ ರಕ್ತ ಕಾರಿಕೊಂಡು ಬಿದ್ದಳು. ಅಣ್ಣ ಆಟೋದಲ್ಲಿ ನಮ್ಮ ಆಸ್ಪತ್ರೆಗೇ ತಂದ. ಡ್ರಿಪ್ ಹಾಕಿ, ಮೈಸೂರಿಗೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಪಕ್ಕಕ್ಕೆ ನಾನೇ ಕುಳಿತೆ. ನಾಡಿ ಹಿಡಿದರೆ ಸಿಗದಷ್ಟು ಸಣ್ಣಗೆ ಬಡಿಯುತ್ತಿತ್ತು.

"ಬೈಯಲ್ಲ ಅಂದ್ರೆ ಒಂದ್ ಏಳ್ತೀನಿ" ಎಂದಳು.

"ಏಳವ್ವ."

"ಆ ಕಬ್ಬುಣದ್ ಮಾತ್ರೆ ಎಲ್ಡೇ ದಿನ ನುಂಗಿದ್ದು ಕಣವ್ವ. ಒಟ್ಟೆ ತೊಳುಸ್ತು, ಬುಟ್ಬುಟ್ಟೆ. ಮಂಡಿ ಮಾತ್ರೆ ಬುಡಕ್ಕಾಗ್ನಿಲ್ಲ. ಏಳಿದ್ರೆ ನೀ ಬೈತೀಯ ಅಂತ..."

ಹಾಗಾದರೆ ಅವಳು ಫೋನಿನಲ್ಲಿ ಹೇಳಿದ ಕಪ್ಪೆಲ್ಲ ರಕ್ತವೇ. "ಬೈಯಲ್ಲ ಕಣವ್ವ, ಬೈಯಲ್ಲ" ಎಂದು ಅವಳ ಕೈ ಒತ್ತಿಕೊಂಡೆ. ನಂಬಿಕೆ ಬಾರದವಳಂತೆ ನನ್ನ ಮುಖವನ್ನೇ ನೋಡುತ್ತಿದ್ದಳು.

ನರಸೀಪುರ ಬರುವ ಮುಂಚೆಯೇ ಹೋದಳು. ಕೊನೆಗಳಿಗೆಯಲ್ಲೂ ಅವಳು ಹೆದರಿದ್ದು ನನಗೆ.