ಹಳ್ಳದಲ್ಲಿ ಹೂಡಿದ ಒಲೆ

ನಮ್ಮ ಓಣಿಯ ಹಿಂದೆ ಒಂದು ಹಳ್ಳವಿದೆ. ಕುಷ್ಟಗಿಯ ಹಳ್ಳವೆಂದರೆ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಆಡುಗಳು ಮೇಯುತ್ತವೆ, ರಜೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಮೇಲಿನ ಹೊಲಗಳಲ್ಲಿ ಜೋರು ಮಳೆಯಾದ ದಿನ ಮಾತ್ರ ಅದೇ ಹಳ್ಳ ಕೆಂಪು ನೀರು ತುಂಬಿಕೊಂಡು ಗದ್ದಲವೆಬ್ಬಿಸಿ ಕೆರೆಯ ಕಡೆ ಹೋಗಿಬಿಡುತ್ತದೆ.

ಒಂದು ಬೇಸಿಗೆಯ ಬೆಳಿಗ್ಗೆ ಟಿಪ್ಪರುಗಳು ಬಂದು ಅದರೊಳಗೆ ಗರಸು ಮಣ್ಣು ಸುರಿಯತೊಡಗಿದವು. ಹಳ್ಳದಾಚೆಯ ಸಜ್ಜೆ ಹೊಲ ಲೇಔಟ್ ಆಗುತ್ತದೆಂಬುದು ನಮಗೆ ಗೊತ್ತಿತ್ತು. ಹಳ್ಳವನ್ನೇ ಮುಚ್ಚಿ ಅದರ ಮೇಲೆ ರಸ್ತೆ ಮಾಡುತ್ತಾರೆಂಬುದು ಗೊತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಟೀಚರ್. ಪಕ್ಕದ ಮನೆಯಾಕೆ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವಳು. ನನಗಿಂತ ಹಿರಿಯಳು, ನಾನು ಅಕ್ಕ ಎನ್ನುತ್ತೇನೆ. ನಾವಿಬ್ಬರೂ ಓಣಿಯ ಇನ್ನಷ್ಟು ಹೆಂಗಸರನ್ನು ಕರೆದುಕೊಂಡು ಲೇಔಟಿನ ಮಾಲೀಕನ ಹತ್ತಿರ ಹೋದೆವು. ನಯವಾದ ಮನುಷ್ಯ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಹಳ್ಳ ಮುಚ್ಚಿದರೆ ನೀರು ನಮ್ಮ ಓಣಿಗೇ ನುಗ್ಗುತ್ತದೆಂಬ ಮಾತನ್ನು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದ.

"ಟೀಚರ್, ನೀವು ಈಗ ಇರೋ ಜಾಗಾನೂ ಮೊದಲ ಹೊಲಾನ ಇತ್ತರಿ. ಅವತ್ತ ಯಾರರ ಬ್ಯಾಡ ಅಂದಿದ್ರ ನಿಮ್ಮ ಮನಿ ಎಲ್ಲಿರ್ತಿತ್ತು? ನೀವು ಒಳಗ ಬಂದ ಮ್ಯಾಲ ಬಾಗಲಾ ಹಾಕ್ಕೊಳ್ಳೂದು ನ್ಯಾಯ ಏನ್ರಿ?"

ಆ ಮಾತು ನನಗೆ ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಹೇಳಿದೆ, "ಮನಿ ಕಟ್ಟಬ್ಯಾಡ್ರಿ ಅಂತ ನಾವು ಅನ್ನಂಗಿಲ್ಲ. ನೀರಿನ ದಾರಿ ಬಿಟ್ಟು ಕಟ್ಟಸ್ರಿ ಅಂತೀವಿ."

"ಪೈಪ್ ಹಾಕಸ್ತೀವ್ರಿ," ಎಂದು ಅವನು ಎರಡೂ ಕೈ ಗೇಣು ಅಂತರದಲ್ಲಿ ಹಿಡಿದು ಪೈಪಿನ ಅಗಲ ತೋರಿಸಿದ.

ಅಕ್ಕ ಆ ಕೈಗಳನ್ನೇ ನೋಡಿ, "ಇದರಾಗ ನಮ್ಮನಿ ಬೆಕ್ಕೂ ತೂರಂಗಿಲ್ಲ," ಎಂದಳು.

ಪುರಸಭೆಗೆ ಹೋಗಿ ಅರ್ಜಿ ಕೊಟ್ಟೆವು. "ನೋಡ್ತೀವ್ರಿ," ಎಂದರು. ನೋಡಲು ಯಾರೂ ಬರಲಿಲ್ಲ. ಟಿಪ್ಪರುಗಳು ಮಾತ್ರ ತಪ್ಪದೆ ಬಂದವು.

ಭಾನುವಾರ ನನ್ನ ಮೈದುನ ಬಂದ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ದಿನ ಕಳೆದವನು, ಅದೇ ಲೇಔಟಿನಲ್ಲಿ ಸೈಟು ಹಿಡಿದಿದ್ದ. "ವೈನಿ, ಮಂದೀದು ಹೋಗ್ಲಿ, ನಮ್ಮ ಮನ್ಯಾಗಿನವ್ರ ನನಗ ಅಡ್ಡ ನಿಂತ್ರ ಹೆಂಗ್ರಿ?" ಎಂದ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಎಷ್ಟು ಬಿಡಿಸಿ ಹೇಳಿದರೂ ಮೈದುನ ಕೇಳದೆ, ಊಟಕ್ಕೂ ನಿಲ್ಲದೆ ಹೊರಟುಹೋದ. ಅವನಿಗೆಂದೇ ಮಾಡಿದ್ದ ಹೋಳಿಗೆ ಹಾಗೇ ಉಳಿಯಿತು. ಯಾಕಾದರೂ ಈ ಉಸಾಬರಿ, ನಾಳೆಯಿಂದ ಸುಮ್ಮನಿದ್ದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಅಕ್ಕ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತು ಹಳ್ಳಕ್ಕೆ ಇಳಿಯುತ್ತಿದ್ದಾಳೆ.

"ಏನಕ್ಕಾ ಇದು?"

"ಇವತ್ತಿಂದ ರೊಟ್ಟಿ ಇಲ್ಲೇ ಮಾಡಾಕಿ. ಸುರಿಯೋದಿದ್ರ ನನ್ನ ಹಂಚಿನ ಮ್ಯಾಲ ಸುರೀಲಿ, ನೋಡೇಬಿಡ್ತೀನಿ."

ಸುಮ್ಮನಿರುವ ನನ್ನ ನಿರ್ಧಾರ ಅಲ್ಲಿಗೆ ಮುಗಿಯಿತು. ಹಿಟ್ಟಿನ ಡಬ್ಬಿ ಹೊತ್ತು ನಾನೂ ಇಳಿದೆ. ಗರಸಿನ ಗುಡ್ಡೆಯ ನೆತ್ತಿಯ ಮೇಲೆ ಒಲೆ ಹೂಡಿದೆವು. ಹೊಗೆ ಎದ್ದದ್ದನ್ನು ಕಂಡು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ತೊಗರಿಬೇಳೆ ಹಸನು ಮಾಡುತ್ತ ಕುಳಿತಳು, ಇನ್ನೊಬ್ಬಳು ಅರ್ಧ ಹೊಲಿದ ಕೌದಿಯನ್ನೇ ತಂದು ಹಾಸಿದಳು.

ಜೆಸಿಬಿ ಬಂತು. ಡ್ರೈವರ್ ಸ್ವಲ್ಪ ಹೊತ್ತು ಎಂಜಿನ್ ಗುರುಗುಟ್ಟಿಸಿದ. ಯಾರೂ ಅಲುಗಾಡದಿದ್ದಾಗ ಆಫ್ ಮಾಡಿ, "ಅವ್ವಾರ, ನಾ ದುಡಿಯೋ ಮನಷ್ಯಾ. ಏಳ್ರಿ," ಎಂದು ಬೇಡಿಕೊಂಡ.

"ಏಳಂಗಿಲ್ಲಪ. ನೀನ ಇಳಿ. ನಾಷ್ಟಾ ಆಗೇತೇನು?" ಎಂದಳು ಅಕ್ಕ.

ಅವನು ಇಳಿದು ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು, ಕೈ ತೊಳೆದುಕೊಂಡು ಮಾಲೀಕನಿಗೆ ಫೋನ್ ಹಚ್ಚಿದ.

ಈ ಸಲ ಮಾಲೀಕನ ನಯ ಇರಲಿಲ್ಲ. ಕಾರಿನಿಂದ ಇಳಿಯುತ್ತಲೇ, "ಪೊಲೀಸರನ್ನ ಕರಸ್ತೀನಿ," ಎಂದು ಕೂಗಿದ. ನಾನು ಎದ್ದು ನಿಂತು, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದೆ, "ಕರಸ್ರಿ. ಅವರ ಮುಂದನ ಕೇಳ್ತೀನಿ. ಹೊಲಾ ನೀವು ಕೊಂಡೀರಿ, ಖರೆ. ಈ ಹಳ್ಳಾನ ಯಾರ ಕಡಿಂದ ಕೊಂಡ್ರಿ?"

ಅವನು ಕಾರು ಹತ್ತಿ ಹೊರಟುಹೋದ. ಪೊಲೀಸರು ಬರಲಿಲ್ಲ. ರೊಟ್ಟಿ ಬೇಕಾದವರು ಹಳ್ಳಕ್ಕೇ ಬರತೊಡಗಿದರು, ಸುದ್ದಿ ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿತು. ರಜೆ ಮುಗಿದು ಶಾಲೆ ಶುರುವಾದ ಮೇಲೂ ನಾವು ಅಲ್ಲೇ ಇದ್ದೆವು; ನಾನು ಶಾಲೆ ಬಿಟ್ಟೊಡನೆ ಬಂದು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಮಳೆ ಬಂತು. ಅಂಥ ದೊಡ್ಡ ಮಳೆಯೇನಲ್ಲ. ಆದರೂ ಹಳ್ಳದ ನೀರು ಗರಸಿನ ಗುಡ್ಡೆಗೆ ಬಡಿದು ಎರಡೂ ಕಡೆ ಹೊರಳಿತು. ಈಚೆ ನಮ್ಮ ಓಣಿಗೆ ನುಗ್ಗಿ ಮನೆಗಳ ಹೊಸ್ತಿಲು ತೊಯ್ಯಿಸಿತು. ಆಚೆ ಸುಣ್ಣ ಬಳಿದ ಕಲ್ಲು ನೆಟ್ಟು ಗುರುತು ಮಾಡಿದ್ದ ಸೈಟುಗಳ ಮೇಲೆ ನಿಂತುಬಿಟ್ಟಿತು.

ಮರುದಿನ ಸೈಟು ಕೊಂಡವರೆಲ್ಲ ಪ್ಯಾಂಟು ಮಡಚಿಕೊಂಡು ಆ ನೀರಿನಲ್ಲಿ ನಿಂತಿದ್ದರು. ಅವರ ನಡುವೆ ನನ್ನ ಮೈದುನ. ನನ್ನನ್ನು ನೋಡಿಯೂ ನೋಡದವನಂತೆ ಮಾಲೀಕನನ್ನು ಹಿಡಿದು ನಿಲ್ಲಿಸಿದ್ದ. "ಏನ್ರಿ, ನನಗ ಸೈಟ್ ಕೊಟ್ಟೀರೋ, ಕೆರಿ ಕೊಟ್ಟೀರೋ?"

ನಾವು ಅಷ್ಟು ದಿನ ಹೊಗೆಯಲ್ಲಿ ಕುಳಿತು ಹೇಳಿದ್ದು ಮಾಲೀಕನಿಗೆ ಕೇಳಿರಲಿಲ್ಲ. ಕೊಂಡವರು ಒಂದು ಬೆಳಿಗ್ಗೆ ಬಾಯಿ ಮಾಡಿದ್ದು ಕೇಳಿಸಿತು. ಆ ಸಿಟ್ಟು ನನ್ನಲ್ಲಿ ಈಗಲೂ ಇದೆ. ಅದೇನೇ ಇರಲಿ, ಅದೇ ಜೆಸಿಬಿ ಬಂದು ಗರಸು ತೆಗೆಯಿತು. ತೆಗೆದದ್ದು ಒಂದು ಗಟಾರದಷ್ಟು ಅಗಲಕ್ಕೆ ಮಾತ್ರ. ಇಷ್ಟು ಸಾಕು ಬಿಡಿ ಎಂದು ಓಣಿಯ ಕೆಲವರು ಹೇಳಿದರು. ಅಕ್ಕ ಸಾಲದೆಂದಳು, ನಾನೂ ಸಾಲದೆಂದೆ. ಜಾಲಿಗಿಡಗಳಿದ್ದ ಹಳೆಯ ದಂಡೆಯವರೆಗೆ ಹಳ್ಳ ಬಿಚ್ಚುವ ತನಕ ನಾವು ಮೇಲೆ ಏಳಲಿಲ್ಲ. ಈಗ ಅಲ್ಲಿ ಸೇತುವೆ ಇದೆ, ಅದರ ಕೆಳಗೆ ಹಳ್ಳ ತನ್ನ ಪಾಡಿಗೆ ತಾನು ಹರಿಯುತ್ತದೆ.

ಆಚೆ ಮನೆಗಳೂ ಎದ್ದವು. ಮೈದುನನ ಗೃಹಪ್ರವೇಶದ ದಿನ ಅವನೇ ನನ್ನ ಎಲೆಗೆ ಬಡಿಸುತ್ತ, "ಈಗರ ಸಮಾಧಾನ ಆತೇನ್ರಿ ವೈನಿ?" ಎಂದು ಕೇಳಿದ.

"ಸಮಾಧಾನ ಎಲ್ಲೀದಪಾ? ನಿನ್ನ ಕಂಪೌಂಡ್ ಹಳ್ಳದ ಕಡೆ ಒಂದ ಮೊಳ ಸರೀತು ಅಂದ್ರ, ನಿನ್ನ ಬಾಗಲ ಮುಂದನ ಬಂದು ಕುಂದರ್ತೀನಿ."

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿ, ಇನ್ನೊಂದು ಹೋಳಿಗೆ ಹಾಕಿ ಮುಂದಿನ ಎಲೆಗೆ ಹೋದ.